ಅನ್ನವ್ವನ ಮುಖದ ಮೇಲಿನ ಸುಣ್ಣ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಪ್ರಾಂಶುಪಾಲ ಕುಬೇರಪ್ಪ ಸವಣೂರು ಠಾಣೆಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಾಳೆ ನಮ್ಮ ಕಾಲೇಜ ಗ್ವಾಡಿ ಚಿತ್ರದ ಉದ್ಘಾಟನೆ ಐತ್ರಿ. ನಿನ್ನೆ ಐತಾರ ಅದರಾಗಿನ ಹೆಣ್ಮಗಳ ಮಖಕ್ಕ ಯಾರೋ ಸುಣ್ಣಾ ಹಚ್ಚ್ಯಾರ."

"ಯಾವ ಹೆಣ್ಮಗಳು?" ಪಿಎಸ್‌ಐ ವಾಣಿಶ್ರೀ ಕೇಳಿದರು. ಹಿರೇಕೆರೂರು ಕಡೆಯವರಾದ ಅವರು ಈ ಠಾಣೆಗೆ ಬಂದು ಇನ್ನೂ ವರ್ಷ ಆಗಿರಲಿಲ್ಲ.

"ಅನ್ನವ್ವ ಅಂತ. ಸೂಲಗಿತ್ತಿ."

ಅರವತ್ತು ವರ್ಷಗಳ ಹಿಂದಿನ ಮಾತು. ಸುತ್ತಲಿನ ಹಳ್ಳಿಗಳಿಗೆ ಕಾಲರಾ ಬಂದಾಗ ಹೆತ್ತ ಮಕ್ಕಳೇ ತಂದೆತಾಯಿಯನ್ನು ಮುಟ್ಟಲು ಹೆದರುತ್ತಿದ್ದರು. ಆಗ ದಿಲಾವರನೆಂಬ ಟಾಂಗಾದವನೂ ಅನ್ನವ್ವನೂ ರೋಗಿಗಳನ್ನು ಟಾಂಗಾದಲ್ಲಿ ಮಲಗಿಸಿ ಯಲವಿಗಿ ಸ್ಟೇಷನ್‌ಗೆ ಒಯ್ದು, ಹುಬ್ಬಳ್ಳಿ ಆಸ್ಪತ್ರೆಗೆ ಹೋಗುವ ರೈಲು ಹತ್ತಿಸುತ್ತಿದ್ದರು. ಯಾವ ಪುಸ್ತಕದಲ್ಲೂ ಇದು ದಾಖಲಾಗಿರಲಿಲ್ಲ. ವಿದ್ಯಾರ್ಥಿಗಳು ಮುದುಕರ ಬಾಯಿಂದ ಕೇಳಿ ಕಾಲೇಜಿನ ಉದ್ದ ಗೋಡೆಯ ಮೇಲೆ ಬರೆದಿದ್ದರು.

"ಫೋಟೋ ಆಗಲೇ ಎಲ್ಲರ ಮೊಬೈಲದಾಗ ಹೋಗೇತ್ರಿ," ಎಂದರು ಕುಬೇರಪ್ಪ. "ನನಗ ಅದರದ ಅಂಜಿಕಿ."

ವಾಣಿಶ್ರೀ ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದರು. ಕಾನ್‌ಸ್ಟೇಬಲ್ ಹುಚ್ಚಪ್ಪನೊಂದಿಗೆ ಸ್ಥಳಕ್ಕೆ ಹೋಗಿ ಇಬ್ಬರು ಪಂಚಸಾಕ್ಷಿಗಳ ಎದುರು ಪಂಚನಾಮೆ ಶುರು ಮಾಡಿದರು.

ಟಾಂಗಾ, ಕುದುರೆ, ಲಗಾಮು ಹಿಡಿದ ದಿಲಾವರ, ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡ ಅನ್ನವ್ವ. ಅವಳ ಮುಖ ಮಾತ್ರ ಬಿಳಿ. ಬೇರೆಲ್ಲೂ ಒಂದು ಹನಿ ಬಿದ್ದಿರಲಿಲ್ಲ. ಸುಣ್ಣ ಬೈತಲೆಯಿಂದ ಗದ್ದದವರೆಗೆ ನೀಟಾಗಿ ಇಳಿದಿತ್ತು. ಹತ್ತಲು ಬಳಸಿದ ಬೆಂಚನ್ನು ವರಾಂಡಕ್ಕೆ ಮರಳಿ ಒಯ್ದು ಒರೆಸಿ ಇಟ್ಟಿದ್ದರು.

ಹುಚ್ಚಪ್ಪ ಹತ್ತಿರ ಹೋಗಿ ನೋಡಿದ. "ಮೇಡಮ್ಮಾರ, ಸಿಟ್ಟಿಗೆದ್ದಾವ ಹಿಂಗ ಹಚ್ಚಂಗಿಲ್ರಿ. ಉಗ್ಗತಾನ. ಇದು ಮನಿ ಸುಣ್ಣಾ, ನೀಲಿ ಹಾಕಿ ಕಲಿಸ್ಯಾರ."

ಚಿತ್ರ ಬರೆದ ಮಲ್ಲಿಕಾ, ಕೊನೆಯ ವರ್ಷದ ವಿದ್ಯಾರ್ಥಿನಿ, ಅತ್ತೂ ಅತ್ತೂ ಸುಮ್ಮನಾಗಿದ್ದಳು. ಫೋಟೋ ತೆಗೆದು, ಸುಣ್ಣದ ಚೂರನ್ನು ಮಾದರಿಗಾಗಿ ಪೊಟ್ಟಣ ಕಟ್ಟಿಸಿದ ಮೇಲೆ, ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಲು ವಾಣಿಶ್ರೀ ಹೇಳಿದರು. ಮಲ್ಲಿಕಾ ಮೆಲ್ಲಗೆ ಉಜ್ಜಿದಳು. ಬಿಳಿ ಕರಗಿ ಗದ್ದದ ಮೇಲಿನ ಹಚ್ಚೆಯ ಚುಕ್ಕೆ ಕಾಣಿಸಿತು.

"ಮ್ಯಾಲೆ ವಾರ್ನಿಶ್ ಹೊಡದಿದ್ನಿರಿ," ಎಂದಳು. "ಮಖಕ್ಕ ಏನೂ ಆಗಿಲ್ಲ." ಗೋಡೆಗೆ ಒರಗಿ ಕುಳಿತುಬಿಟ್ಟಳು.

ಗೇಟಿನ ಬಳಿ ಆಗಲೇ ನಲವತ್ತು ಐವತ್ತು ಹುಡುಗರು ಸೇರಿದ್ದರು. ಮುಂದೆ ನಿಂತವನು ಸಂಜಯ, ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು.

"ದಿಲಾವರನ ಮಖ ಹಂಗ ಐತಿ. ನಮ್ಮ ಹೆಣ್ಮಗಳ ಮಖಕ್ಕ ಸುಣ್ಣಾ ಬಿದ್ದೈತಿ. ಶನಿವಾರ ಅವನ ಮೊಮ್ಮಗ ರಫೀಕ ಇಲ್ಲಿ ಬಂದು ಜಗಳಾ ಮಾಡ್ಯಾನ. ಒಳಗ ಹಾಕ್ರಿ."

"ಸುಣ್ಣಾ ಹಚ್ಚಿದ್ದು ನೋಡಿದವರು ಯಾರು?"

"ನೋಡಬೇಕಾಗೇನೈತ್ರಿ?"

"ನನಗ ಬೇಕಾಗೇತಿ."

"ಸಂಜೀತನಕಾ ಕಾಯತೇವ್ರಿ. ಆಮ್ಯಾಲೆ ನಮ್ಮ ದಾರಿ ನಮಗ."

ರಫೀಕ ಆಟೋ ಓಡಿಸುವವ. ಕರೆ ಹೋದ ಹತ್ತು ನಿಮಿಷದಲ್ಲಿ ಠಾಣೆಗೆ ಬಂದ.

"ಶನಿವಾರ ಕಾಲೇಜಿಗೆ ಯಾಕ ಹೋಗಿದ್ದಿ?"

"ನಮ್ಮಜ್ಜನ ಚಿತ್ರ ನೋಡಾಕ್ರಿ."

"ಜಗಳ ಯಾಕಾತು?"

"ಕುದುರಿಗೆ ಕೆಂಪ ಬಣ್ಣ ಹಚ್ಚಿದ್ರು. ನಮ್ಮಜ್ಜಂದು ಬಿಳಿ ಕುದುರಿ ಅಂತ ಹೇಳಿದೆ. ಸ್ವಲ್ಪ ಧ್ವನಿ ಏರಿತು."

"ಐತಾರ ಎಲ್ಲಿದ್ದಿ?"

"ಲಕ್ಷ್ಮೇಶ್ವರದಾಗ. ಮದವಿ ಬಾಡಿಗಿ. ಮುಂಜಾನೆ ಹೋದಾವ ರಾತ್ರಿ ಬಂದೇನಿ."

ಮದುವೆ ಮನೆಯವರಿಗೆ ಫೋನ್ ಮಾಡಲಾಯಿತು. ಅವರು ಕಳಿಸಿದ ವೀಡಿಯೊದಲ್ಲಿ ರಫೀಕ ಊಟದ ಪಂಕ್ತಿಯಲ್ಲಿ ಕುಳಿತಿದ್ದ. ಅವನ ಮೇಲೆ ಸಂಶಯ ಉಳಿಯಲಿಲ್ಲ. ಆದರೆ ವಾಣಿಶ್ರೀ ಅವನನ್ನು ಹೊರಗೆ ಬಿಡಲಿಲ್ಲ.

"ಇಲ್ಲೇ ಕುಂದ್ರು. ನಿನ್ನ ಹಿಡದೇನಿ ಅಂತಲ್ಲ. ಹೊರಗ ಗಾಳಿ ಚಲೋ ಇಲ್ಲ."

ರಫೀಕ ತಲೆಯಾಡಿಸಿದ. "ಮನ್ಯಾಗ ಅವ್ವ ಒಬ್ಬಾಕೆ ಅದಾಳ್ರಿ," ಎಂದ. ಅವನ ಓಣಿಗೆ ಇಬ್ಬರು ಪೊಲೀಸರನ್ನು ಕಳಿಸಲಾಯಿತು.

ಭಾನುವಾರ ಕಾಲೇಜಿನ ಮೈದಾನ ಆಟಗಾರರಿಗಾಗಿ ತೆರೆದಿರುತ್ತದೆ. ಗೇಟಿನ ಕ್ಯಾಮೆರಾದಲ್ಲಿ ಬಂದುಹೋದವರೆಲ್ಲ ಹುಡುಗರೇ, ಒಬ್ಬನ ಹೊರತು. ಮಧ್ಯಾಹ್ನ ಎರಡಕ್ಕೆ ಧೋತರ ಉಟ್ಟ ಮುದುಕನೊಬ್ಬ ಕೈಚೀಲ ಹಿಡಿದು ಒಳಗೆ ಹೋಗಿದ್ದ. ಒಂದು ತಾಸಿನ ಮೇಲೆ ಹೊರಬಂದಿದ್ದ. ತಲೆಗೆ ರುಮಾಲು ಇದ್ದುದರಿಂದ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

ವಾಣಿಶ್ರೀ ಮಲ್ಲಿಕಾಳನ್ನು ಕರೆಸಿದರು. "ಅನ್ನವ್ವನ ಮಖ ನಿನಗ ಎಲ್ಲಿ ಸಿಕ್ತು?"

"ಹುಲಗೂರಾಗ ಆಕಿ ಮಗ ಅದಾನ್ರಿ, ಕನಕಪ್ಪಜ್ಜ. ಫೋಟೋ ಕೇಳಾಕ ಹೋದ್ರ ಬಾಗಿಲಾ ಹಾಕ್ಕೊಂಡಬಿಟ್ಟ. ಆಮ್ಯಾಲೆ ಅವನ ಮಗಳು ನಾಗರತ್ನಾ, ಅನ್ನವ್ವನ ಹರೇದಾಗಿನ ಫೋಟೋ ಮೊಬೈಲಿಗೆ ಕಳಿಸಿದ್ಲು."

ಕ್ಯಾಮೆರಾದ ಮುದುಕನನ್ನು ಅವಳಿಗೆ ತೋರಿಸಿದರು. ಮಲ್ಲಿಕಾ ಬಹಳ ಹೊತ್ತು ನೋಡಿದಳು. "ನಡಿಗಿ ಅವನದ್ದ ಐತ್ರಿ," ಎಂದಳು.

ಜೀಪು ಹುಲಗೂರು ತಲುಪಿದಾಗ ಮಧ್ಯಾಹ್ನ ಮೂರಾಗಿತ್ತು. ದರ್ಗಾದ ಹಿಂದಿನ ಓಣಿಯಲ್ಲಿ ಸಣ್ಣ ಮನೆ. ಗೋಡೆಗೆ ನೀಲಿ ಬೆರೆಸಿದ ಸುಣ್ಣ. ಬಾಗಿಲಿಗೆ ಬಂದ ನಾಗರತ್ನಾ ಪೊಲೀಸರನ್ನು ಕಂಡು ಚೌಕಟ್ಟು ಹಿಡಿದುಕೊಂಡಳು. ಒಳಗೆ ಕಂಬಕ್ಕೊರಗಿ ಕನಕಪ್ಪ ಕುಳಿತಿದ್ದ. ಎಪ್ಪತ್ತು ದಾಟಿದ ಒಣಕಲು ಮನುಷ್ಯ.

"ಕುಂದರ್ರಿ," ಎಂದ. "ಬರ್ತೀರಿ ಅಂತ ಗೊತ್ತಿತ್ತು."

"ನಿನ್ನೆ ಸವಣೂರಿಗೆ ಹೋಗಿದ್ರೇನು ಅಜ್ಜಾರ?"

"ಹೋಗಿದ್ದೆ."

"ಸುಣ್ಣಾ ಹಚ್ಚಿದವರು ನೀವ?"

"ನಾನ."

"ಯಾಕ?"

ಕನಕಪ್ಪ ಮಗಳ ಕಡೆ ನೋಡಿದ. ನಾಗರತ್ನಾ ನೆಲ ನೋಡುತ್ತಿದ್ದಳು. ಚಿತ್ರದ ಫೋಟೋವನ್ನು, ಅಪ್ಪ ಹಿಗ್ಗುತ್ತಾನೆಂದು ತಿಳಿದು, ಅವಳೇ ಅವನಿಗೆ ತೋರಿಸಿದ್ದಳು.

"ಕಾಲರಾ ಬ್ಯಾನಿ ಹೋತು, ಊರ ಬಾಯಿ ಹೋಗಲಿಲ್ರಿ," ಎಂದ ಕನಕಪ್ಪ. "ಆ ದಿಲಾವರನ ಕೂಡ ಒಂದ ಟಾಂಗಾದಾಗ ಹೊತ್ತಿಲ್ಲ ಗೊತ್ತಿಲ್ಲ ತಿರಗ್ಯಾಳ ಅಂದ್ರು. ನಮ್ಮಪ್ಪ ಮನಿ ಬಿಟ್ಟ. ಸಾಲ್ಯಾಗ ನನಗ ಟಾಂಗಾದಾಕಿ ಮಗ ಅಂತ ಹೆಸರಾತು. ನಮ್ಮವ್ವ ಬಾಣಂತನಾ ಮಾಡೂದು ಬಿಟ್ಲು. ಸಾಯೂತನಕಾ ಮಖದ ಮ್ಯಾಲಿನ ಸೆರಗ ತಗೀಲಿಲ್ಲ. ಅಂಥಾಕಿ ಮಖ ಊರ ಮುಂದ ಬರದಾರ, ಅದೂ ಅದ ಟಾಂಗಾದಾಗ. ನಾ ಮತ್ತೊಮ್ಮೆ ಸೆರಗ ಎಳದೇನಿ, ಅಷ್ಟ."

"ಈಗ ಅದಕ್ಕ ಮತ್ತೊಬ್ಬನ ಹೆಸರು ಹೇಳಾಕತ್ತಾರ."

"ಯಾರದು?"

"ರಫೀಕ. ದಿಲಾವರನ ಮೊಮ್ಮಗ. ಸಂಜೀಗೆ ಅವನ ಮನಿ ಕಡೆ ಹೊಂಟಾರ."

ಕನಕಪ್ಪ ಗೂಟದ ಮೇಲಿನ ರುಮಾಲು ತೆಗೆದುಕೊಂಡ. ಅವಸರಕ್ಕೆ ಸುತ್ತು ನಿಲ್ಲಲಿಲ್ಲ. ನಾಗರತ್ನಾ ಸುತ್ತಿಕೊಟ್ಟಳು.

"ನಡ್ರಿ ಲಗೂನ," ಎಂದ.

ಅಟ್ಟದ ಮೇಲಿದ್ದ ಸುಣ್ಣದ ಡಬ್ಬಿ, ಕುಂಚ ಜಪ್ತಿಯಾದವು. ಬಂಧನದ ಕಾರಣವನ್ನು ಅವನಿಗೂ ಮಗಳಿಗೂ ತಿಳಿಸಿ ಸಹಿ ಪಡೆದರು. ನಾಗರತ್ನಾಳೂ ಜೀಪು ಹತ್ತಿದಳು.

ಐದೂವರೆಗೆ ಜೀಪು ಸವಣೂರಿಗೆ ಬಂದಾಗ ಠಾಣೆಯ ಮುಂದಿನ ರಸ್ತೆ ತುಂಬಿತ್ತು. ಅರ್ಧ ಅಂಗಡಿಗಳು ಬಾಗಿಲು ಎಳೆದಿದ್ದವು. ಕನಕಪ್ಪ ಇಳಿದು ಮೆಟ್ಟಿಲ ಮೇಲೆ ನಿಂತ. ಹುಚ್ಚಪ್ಪ ಒಳಗೆ ಕರೆದರೂ ಹೋಗಲಿಲ್ಲ.

"ಅನ್ನವ್ವ ನನ್ನ ಹಡದವ್ವ. ಆಕಿ ಮಖಕ್ಕ ನಾನ ಸುಣ್ಣಾ ಹಚ್ಚೇನಿ. ಮತ್ಯಾರದೂ ಹೆಸರ ತಗೀಬ್ಯಾಡ್ರಿ."

ಧ್ವನಿ ದೊಡ್ಡದಿರಲಿಲ್ಲ. ಆದರೂ ಹಿಂದಿನವರಿಗೆ ಮುಂದಿನವರು ದಾಟಿಸಿದರು. ಸಂಜಯ ಮುದುಕನ ಮುಖ ನೋಡಿದ. ಮೊಬೈಲು ಜೇಬಿಗಿಟ್ಟುಕೊಂಡ. ಒಂದೊಂದಾಗಿ ಬೈಕುಗಳು ಹೊರಟವು. ಎದುರಿನ ಚಹಾದಂಗಡಿಯವ ಬಾಗಿಲು ಮೇಲೆತ್ತಿದ. ವಾಣಿಶ್ರೀ ಒಳಗೆ ಬಂದು, ಬೆಳಗ್ಗೆ ತಂದಿದ್ದ ಊಟದ ಡಬ್ಬಿಯನ್ನು ಆಗ ತೆರೆದರು.

ಕನಕಪ್ಪನನ್ನು ಕೂರಿಸಿದ ಬೆಂಚಿನ ಇನ್ನೊಂದು ತುದಿಯಲ್ಲಿ ರಫೀಕ ಕುಳಿತಿದ್ದ. ಕನಕಪ್ಪ ಅವನ ಕಡೆ ತಿರುಗಿದ.

"ಊರ ಮಾತಿಗೆ ಅಂಜಿ ಹಂಗ ಮಾಡಿದೆ. ನನ್ನಿಂದ ನಿನಗ ಭಾಳ ತ್ರಾಸಾತಪ್ಪ."

"ಇರಲಿ ಬಿಡ್ರಿ," ಎಂದ ರಫೀಕ. "ನಮ್ಮಪ್ಪ ಹುಟ್ಟಿದ್ದು ನಿಮ್ಮವ್ವನ ಕೈಯಾಗರಿ. ಸಾಯೂತನಕಾ ಹೇಳತಿದ್ದ. ನಮ್ಮ ಮನ್ಯಾಗ ಆಕಿಗೆ ಅನ್ನವ್ವಾಯಿ ಅಂತಿದ್ರು. ಬ್ಯಾರೆ ಮಾತು ನಾ ಕೇಳಿಲ್ಲ."

ಕನಕಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ.

"ಅಜ್ಜಾರ," ವಾಣಿಶ್ರೀ ಕೇಳಿದರು, "ಆ ಮಾತು ಈಗ ಯಾರ್ ಆಡತಾರ?"

ಮುದುಕ ಯೋಚಿಸಿದ. ಒಂದೊಂದೇ ಹೆಸರನ್ನು ಮನಸ್ಸಿನಲ್ಲಿ ದಾಟುತ್ತಿದ್ದಂತೆ ಅವನ ತುಟಿ ಅಲುಗಿತು.

"ಆಡವ್ರು ಎಲ್ಲಾರೂ ಸತ್ತಾರ್ರಿ," ಎಂದ.

ನಾಗರತ್ನಾಳ ಜಾಮೀನಿನ ಮೇಲೆ ಕನಕಪ್ಪನನ್ನು ಅಂದು ಸಂಜೆಯೇ ಮನೆಗೆ ಕಳಿಸಲಾಯಿತು. ಮರುದಿನ ಮಲ್ಲಿಕಾ ಗೋಡೆ ತೊಳೆದಳು. ಉದ್ಘಾಟನೆ ಒಂದು ತಾಸು ತಡವಾಗಿ ನಡೆಯಿತು. ವಾಣಿಶ್ರೀ ಪ್ರಕರಣದ ವರದಿಯಲ್ಲಿ ಕೃತ್ಯದ ಕಾರಣವೆಂಬಲ್ಲಿ, ತಾಯಿಯ ಹೆಸರು ಮತ್ತೆ ಊರ ಬಾಯಿಗೆ ಬೀಳುವ ಭಯದಿಂದ ಎಂದಷ್ಟೇ ಬರೆದರು. ಊರು ಆ ಮಾತನ್ನು ಎಂದೋ ಮರೆತಿತ್ತು. ಅದನ್ನು ಇಷ್ಟು ವರ್ಷ ನೆನಪಿಟ್ಟುಕೊಂಡು ಬಂದವನು ಅನ್ನವ್ವನ ಮಗನೊಬ್ಬನೇ.