ಅತ್ತೆಯ ಗುಳಿಗೆ

‘ನಮ್ಮ ಅಳಿಯಂದಿರು ಉಳ್ಳಾಗಡ್ಡಿ ಭಾಳ ಸಣ್ಣಗ ಹೆಚ್ತಾರ್ರಿ. ಎಂ.ಎ. ಮಾಡ್ಯಾರಲ್ಲ.’

ಮರಾಠಿ ಸೀಮೆಯ ವಾಕಡದಲ್ಲಿ ತನ್ನ ಖಾನಾವಳಿಗೆ ಬಂದವರಿಗೆಲ್ಲ ಭೀಮವ್ವ ಇದನ್ನು ರೊಟ್ಟಿಯ ಜೊತೆ ಪುಕ್ಕಟೆ ಬಡಿಸುತ್ತಿದ್ದಳು. ಊಟಕ್ಕೆ ಕೂತ ಧಾರವಾಡದ ಹುಡುಗರು ನಗುತ್ತಿದ್ದರು. ಶಿವಪ್ರಕಾಶನೂ ನಗುತ್ತಿದ್ದ, ಮನೆಅಳಿಯನಿಗೆ ಬೇರೆ ಮುಖವೆಲ್ಲಿಂದ ಬರಬೇಕು? ಖಾನಾವಳಿ ಅತ್ತೆಯ ಹೆಸರಿನಲ್ಲಿತ್ತು, ಮೇಲಿನ ಮನೆಯೂ. ಹೆಂಡತಿ ಶಿವಾನಿ ಕೂಡ ಇನ್ನೂ ಅತ್ತೆಯ ಹೆಸರಿನಲ್ಲೇ ಇದ್ದಂತಿದ್ದಳು.

ಹೀಗಿರುವಾಗ ಅತ್ತೆಗೆ ಕ್ಷಯ ಬಂತು. ಶಿವಪ್ರಕಾಶ ಮೊದಲ ಬಾರಿಗೆ ದೇವರ ಬಗ್ಗೆ ಗಂಭೀರವಾಗಿ ಯೋಚಿಸಿದ.

ಅಡ್ಡ ಬಂದದ್ದು ಸರಕಾರ. ಹಳೆಯ ಕಾಲದಲ್ಲಾಗಿದ್ದರೆ ರೋಗ ತನ್ನ ಪಾಡಿಗೆ ತನ್ನ ಕೆಲಸ ಮುಗಿಸುತ್ತಿತ್ತು. ಈಗ ಆರೋಗ್ಯ ಕೇಂದ್ರದ ಪ್ರಾಚಿ ಸ್ಕೂಟಿಯ ಮೇಲೆ ಮನೆಗೇ ಬಂದು, ಗುಳಿಗೆ ಕೊಟ್ಟು, ದಿನಾ ತಪ್ಪದೆ ನುಂಗಿಸುವವರು ಯಾರು ಎಂದು ಮರಾಠಿಯಲ್ಲಿ ಕೇಳಿದಳು.

‘ನಾನು,’ ಎಂದ ಶಿವಪ್ರಕಾಶ.

ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಅದೇ ಬಣ್ಣದ, ಅದೇ ಗಾತ್ರದ ಜೀವಸತ್ವದ ಗುಳಿಗೆಗಳು ಪಿಂಪರಿಯ ಅಂಗಡಿಯೊಂದರಲ್ಲಿ ಸಿಕ್ಕವು. ಅತ್ತೆಯ ಹೊಟ್ಟೆಗೆ ಅವು ಹೋದವು. ಸರಕಾರದ ಗುಳಿಗೆಗಳು ಮುಳಾ ನದಿಗೆ ಹೋದವು. ನದಿಗೆ ಕ್ಷಯ ಬರುವ ಭಯವಂತೂ ಉಳಿಯಲಿಲ್ಲ. ಗುಳಿಗೆಯ ಖಾಲಿ ಪಟ್ಟಿಗಳನ್ನು ಪ್ರಾಚಿಗೆ ಕಾಣುವಂತೆ ಕಿಟಕಿಯಲ್ಲಿ ಜೋಡಿಸಿಟ್ಟ. ನಿಜವಾದ ಗುಳಿಗೆ ನುಂಗಿದವರ ಮೂತ್ರ ಕೆಂಪಾಗುತ್ತದೆ ಎಂದು ಓದಿಕೊಂಡಿದ್ದ. ಅದಕ್ಕೂ ಏರ್ಪಾಡಾಯಿತು.

‘ದಿನಾ ಬೀಟ್‌ರೂಟ್ ಪಲ್ಯ,’ ಎಂದು ಭೀಮವ್ವ ತಾಟು ತಳ್ಳಿದಳು. ‘ಸಾಯೂತನಾ ಇದ ಏನ್ರಿ, ಅಳಿಯಂದ್ರ?’

‘ಹೌದ್ರಿ ಅತ್ತಿ.’

ಮದುವೆಯಾದ ಮೇಲೆ ಅವಳಿಗೆ ಅವನು ಹೇಳಿದ ಮೊದಲ ನಿಜ ಅದು.

ಮುಂದಿನದು ಕಷ್ಟವಿರಲಿಲ್ಲ. ಔಷಧಿಗೆ ಬಗ್ಗದ ಕ್ಷಯವೂ ಇರುತ್ತದೆಂದು ಪತ್ರಿಕೆಗಳೇ ಬರೆಯುತ್ತವೆ. ಅತ್ತೆ ಸತ್ತರೆ ತಪ್ಪು ಕ್ರಿಮಿಯದು. ಅಳಿಯನ ಸೇವೆಗೆ ಮಾತ್ರ ಸಾಕ್ಷಿ ಬೇಕು. ಅವನು ತನ್ನ ಹಾಸಿಗೆಯನ್ನು ಅತ್ತೆಯ ಕೋಣೆಗೇ ಹಾಕಿಕೊಂಡ, ಅವಳ ಪಕ್ಕದಲ್ಲೇ ಕೂತು ಉಂಡ, ಬೆನ್ನು ತಿಕ್ಕಿದ. ಪ್ರಾಚಿ ಅವರಿಬ್ಬರ ಫೋಟೊ ತೆಗೆದು ಕೇಂದ್ರದ ಗೋಡೆಗೆ ಅಂಟಿಸಿದಳು. ಶಿವಾನಿಯ ಕಣ್ಣು ತುಂಬಿತು. ಭೀಮವ್ವ ಮಾತ್ರ, ‘ಸಂಬಂಧಿಕರು ಬಂದಾಗ ಬೆನ್ನು ಇನ್ನಷ್ಟು ಜೋರು ತಿಕ್ತಾರ,’ ಎಂದಳು.

ದೀಪಾವಳಿಯ ಹೊತ್ತಿಗೆ ಅವಳು ಸೀರೆಯೊಳಗೆ ಹುಡುಕಬೇಕಾದಷ್ಟು ಇಳಿದಿದ್ದಳು. ಕಫದಲ್ಲಿ ರೋಗ ತುಂಬಿಕೊಂಡೇ ಇತ್ತು. ಶಿವಪ್ರಕಾಶ ತಲೆಯ ಮೇಲೆ ಕೈಹೊತ್ತು ಕೂತ. ಹೀಗಾದಾಗ ಮನೆಯವರನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸುವುದು ರೂಢಿ ಎಂದಳು ಪ್ರಾಚಿ. ಪರೀಕ್ಷಿಸಲಿ. ಅವನಿಗಿದ್ದದ್ದು ಒಗ್ಗರಣೆಯ ಘಾಟಿಗೆ ಬರುವ ಸಣ್ಣ ಕೆಮ್ಮು, ಅಷ್ಟೆ.

ವರದಿಯ ದಿನ ಪ್ರಾಚಿಯ ಜೊತೆ ಕೇಂದ್ರದ ಡಾಕ್ಟರೂ ಬಂದರು. ಡಾಕ್ಟರು ಭೀಮವ್ವನಿಗೆ ತಾವೇ ಗುಳಿಗೆ ನುಂಗಿಸಿ, ಬಾಯಿ ತೆರೆಸಿ ನೋಡಿದರು. ಪ್ರಾಚಿ ಶಿವಪ್ರಕಾಶನ ಕಡೆ ತಿರುಗಿದಳು. ‘ದಾದಾ, ನಿಮಗೂ ಕ್ಷಯ ಇದೆ. ಶುರುವಿನ ಎಕ್ಸ್‌ರೇಯಲ್ಲಿ ಇರಲಿಲ್ಲ. ಇಬ್ಬರದೂ ಔಷಧಿಗೆ ಬಗ್ಗುವ ಕ್ಷಯವೇ. ಭೀಮವ್ವ ಕಾಕೂ ಗುಳಿಗೆ ನುಂಗುತ್ತಿದ್ದರೆ ನಿಮಗೆ ಹೇಗೆ ಬಂತು?’ ಅವನು ಕೆಮ್ಮಿದ. ಕೆಲವು ವಾರ ಗುಳಿಗೆ ಒಳಗೆ ಹೋದರೆ ಸಾಕು, ಆಮೇಲೆ ರೋಗಿಯ ಪಕ್ಕ ಮಲಗಿದರೂ ಅಂಟುವುದಿಲ್ಲ ಎಂದು ಅವಳೇ ಮೊದಲ ದಿನ ಹೇಳಿದ್ದಳು. ಆ ಭರವಸೆಯಿಂದಲೇ ಅವನು ಕಿಟಕಿ ಮುಚ್ಚಿ ಅತ್ತೆಯ ಪಕ್ಕ ನೆಮ್ಮದಿಯಾಗಿ ನಿದ್ದೆ ಮಾಡಿದ್ದ. ಗುಳಿಗೆ ಒಳಗೆ ಹೋಗುತ್ತಿಲ್ಲವೆಂದು ಇಡೀ ವಾಕಡದಲ್ಲಿ ಗೊತ್ತಿದ್ದವನು ಅವನೊಬ್ಬನೇ.