ಹಳದಿ ಕಾಲಿನ ಹಠ

"ಕೂತ್ಕೊಳ್ರೀ! ಮೊದಲು ಕೂತ್ಕೊಳ್ರೀ!"

ಗಟ್ಟಿಯಾಗಿ ಕೂಗಿದರೆ ಹಕ್ಕಿಗಳು ಹಾರಿಹೋಗುತ್ತವೆ. ಹಾಗಾಗಿ ಅವಳು ಹಲ್ಲು ಕಚ್ಚಿಕೊಂಡೇ ಗದರಿದಳು. ದಂಡೆಯ ಮೇಲೆ ಕಂಬದ ಹಾಗೆ ನಿಂತಿದ್ದ ಅಪರಿಚಿತ ಬೆಚ್ಚಿಬಿದ್ದು, ನಿಂತಲ್ಲೇ ಕುಸಿದು ಕೂತ. ಕೂತದ್ದು ನೇರವಾಗಿ ಕೆಸರಿನಲ್ಲಿ!

ಮರಳುಗಾಡಿನ ಆ ಉಪ್ಪು ಸರೋವರದಲ್ಲಿ ಬೆಳಕು ಹರಿದ ಮೇಲಿನ ಎರಡು ತಾಸು ಬಿಟ್ಟರೆ ಹಕ್ಕಿ ನೋಡುವುದೇ ದಂಡ. ಬಿಸಿಲೇರಿದರೆ ಝಳಕ್ಕೆ ಎಲ್ಲವೂ ಕದಲುತ್ತದೆ, ಬಾತು ಯಾವುದು ಕಲ್ಲು ಯಾವುದು ಎಂದೇ ತಿಳಿಯುವುದಿಲ್ಲ.

"ಯಾವ ಹಕ್ಕಿಗೆ ಕಾಯ್ತಿದ್ದೀರಿ?" ಅವನು ಪಿಸುಗುಟ್ಟಿದ.

"ಉದ್ದ ಬೆರಳಿನ ಉಲ್ಲಂಕಿ. ಹಳದಿ ಕಾಲು. ಇಲ್ಲಿ ಇದುವರೆಗೆ ಯಾರೂ ಕಂಡಿಲ್ಲ. ನಾನು ಕಂಡಿದ್ದೀನಿ."

"ಖಂಡಿತವಾಗ್ಲೂ?"

ಅಷ್ಟು ಸಾಕಾಯಿತು. ಅವಳ ಒಡಲ ಉರಿಯೆಲ್ಲ ಹೊರಗೆ ಬಂತು.

ಅಣ್ಣನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವುದು ಅವಳ ಕೆಲಸ. ತಿಂಗಳ ಹಿಂದೆ ಆ ಮುಷ್ಟಿಯಷ್ಟು ಹಕ್ಕಿಯನ್ನು ಕಂಡು, ಚಿತ್ರ ಬರೆದು, ಒಂದು ಫೋಟೋ ಜೊತೆಗಿಟ್ಟು ಪಕ್ಷಿವೀಕ್ಷಕರ ಗುಂಪಿಗೆ ಕಳಿಸಿದ್ದಳು. ಗುಂಪಿನ ಪರಿಶೀಲಕ ಒಂದೇ ಸಾಲಿನಲ್ಲಿ ಮುಗಿಸಿದ್ದ: 'ಫೋಟೋದಲ್ಲಿ ಕಾಲು ಕಪ್ಪು. ಮಾಮೂಲಿ ಕಿರು ಉಲ್ಲಂಕಿ. ದಾಖಲೆ ತಿರಸ್ಕೃತ.'

ಆಮೇಲೆ ಶುರುವಾಯಿತು ನಗೆ. 'ಕಣ್ಣು ಪರೀಕ್ಷೆ ಮಾಡುವವರಿಗೇ ಮೊದಲು ಪರೀಕ್ಷೆ ಆಗಲಿ' ಎಂದ ಒಬ್ಬ. 'ಹಳದಿ ಕಾಲು ಮೇಡಂ' ಎಂದು ಹೆಸರಿಟ್ಟ ಇನ್ನೊಬ್ಬ. ದಾಖಲೆ ವಾಪಸ್ ತಗೊಳ್ಳಿ ಎಂದು ಬುದ್ಧಿ ಹೇಳಿದವರೂ ಇದ್ದರು.

ಅವಳು ವಾಪಸ್ ತೆಗೆದುಕೊಳ್ಳಲಿಲ್ಲ. ಗುಂಪಿನಲ್ಲಿ ತನ್ನ ಹೆಸರನ್ನೇ 'ಹಳದಿ ಕಾಲು' ಎಂದು ಬದಲಾಯಿಸಿಕೊಂಡಳು!

"ನಾನು ನೋಡಿದಾಗ ಕಾಲು ಹಳದಿನೇ ಇತ್ತು. ಕ್ಯಾಮೆರಾ ತೆಗೆಯೋಷ್ಟರಲ್ಲಿ ಕೆಸರಿಗಿಳೀತು, ಕಪ್ಪಾಯ್ತು. ಆ ಪರಿಶೀಲಕ ಮಹಾಶಯ ಕೈಗೆ ಸಿಗಲಿ, ಇದೇ ಕೆಸರಲ್ಲಿ ಅದ್ದಿ ತೆಗೀತೀನಿ!"

ಅವನು ತನ್ನ ಪ್ಯಾಂಟು ನೋಡಿಕೊಂಡ. ಏನೋ ಹೇಳಲು ಹೋದವನು ಅದಕ್ಕಂಟಿದ ಕೆಸರು ಕೆರೆಯತೊಡಗಿದ.

ಮುಂದಿನ ಭಾನುವಾರವೂ ಬಂದ. ಅದರ ಮುಂದಿನದಕ್ಕೂ. ಜಮೀನು ಅಳೆಯುವ ಸರ್ವೇಯರ್ ಕೆಲಸವಂತೆ ಅವನದು. ಅವಳ ದೂರದರ್ಶಕದ ಭಾರದ ಸ್ಟ್ಯಾಂಡನ್ನು ಕೇಳದೆಯೇ ಹೊರುತ್ತಿದ್ದ, ಅವಳು ಬೈದರೆ ನಗುತ್ತಿದ್ದ. ಭಾನುವಾರ ಬೇಗ ಬರಲಿ ಎಂದು ಯಾಕೆ ಅನಿಸುತ್ತಿದೆ...? ಹಕ್ಕಿಗಾಗಿ, ಮತ್ತೇನು!

"ಎಡಗಣ್ಣು ಕಿರಿದು ಮಾಡಿ ನೋಡ್ತೀರಿ. ನಂಬರ್ ಇದೆ ನಿಮಗೆ. ಅಂಗಡಿಗೆ ಬನ್ನಿ," ಎಂದಳು ಒಂದು ದಿನ.

ಬಂದ. ಕತ್ತಲೆ ಕೋಣೆ, ಎದುರಿಗೆ ಅಕ್ಷರಗಳ ಫಲಕ. ಅವಳು ಬಾಗಿ ಗಾಜು ಬದಲಿಸುತ್ತಿದ್ದಳು. ಅವನ ಉಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು.

"ಈಗ ಸರಿಯಾಗಿ ಕಾಣ್ತಿದೆಯಾ?"

"ಕಾಣ್ತಿದೆ." ಅವನು ಫಲಕವನ್ನು ನೋಡುತ್ತಿರಲಿಲ್ಲ. "ಇನ್ನು ಮುಚ್ಚಿಡೋಕಾಗಲ್ಲ... ಆ ಪರಿಶೀಲಕ ನಾನೇ."

ಅವಳ ಕೈಯಲ್ಲಿದ್ದ ಗಾಜು ಕೆಳಗೆ ಬಿತ್ತು.

"ಮೂರು ವಾರ! ನನ್ನ ಪಕ್ಕದಲ್ಲೇ ಕೂತು ನನ್ನನ್ನೇ ಪರೀಕ್ಷೆ ಮಾಡ್ತಿದ್ರಾ?"

"ಮೊದಲ ದಿನ ಅದಕ್ಕೇ ಬಂದೆ. ಆಮೇಲೆ..."

"ಏಳ್ರೀ ಮೇಲೆ!"

ಹೊರಗೆ ಗಲ್ಲಾಪೆಟ್ಟಿಗೆಯ ಬಳಿಯಿದ್ದ ಅತ್ತಿಗೆ ಬಾಯಿ ಬಿಟ್ಟು ನೋಡಿದಳು. "ಏನೇ ಇದು, ಕನ್ನಡಕ ತಗೊಳ್ದೇ ಓಡಿಹೋದ್ನಲ್ಲೇ!"

ಆ ಸಂಜೆಯೇ ಗುಂಪಿನ ಮೆಸೇಜುಗಳ ಸದ್ದು ಅಡಗಿಸಿದಳು, ಮತ್ತೆ ತೆರೆದೂ ನೋಡಲಿಲ್ಲ. ಅವನ ಫೋನು ಎತ್ತಲಿಲ್ಲ. ಒಮ್ಮೆ ಮಾತಾಡು ಎಂದು ಅತ್ತಿಗೆ ಹೇಳಿ ಹೇಳಿ ಸೋತಳು.

ಹಾಗಂತ ಸರೋವರ ಬಿಡಲು ಅದೇನು ಅವನಪ್ಪನ ಆಸ್ತಿಯೇ? ಭಾನುವಾರ ಎದುರು ದಂಡೆಗೆ ಹೋಗಿ ಕೂತಳು. ಆ ದಂಡೆಯಲ್ಲಿ ಅವನೊಬ್ಬನೇ ಪೆಚ್ಚಾಗಿ ಕೂತಿದ್ದ. ಕೂತಿರಲಿ!

ಎರಡನೆಯ ಭಾನುವಾರ ಅವಳ ದೂರದರ್ಶಕ ಒಂದೆಡೆ ನಿಂತುಬಿಟ್ಟಿತು. ಒಡೆದ ಕೊಳವೆಯೊಂದರಿಂದ ಸಿಹಿನೀರು ಸೋರಿ ಅಲ್ಲೊಂದು ತಿಳಿಯಾದ ಗುಂಡಿಯಾಗಿತ್ತು. ಮೈಗಂಟಿದ ಉಪ್ಪು ತೊಳೆಯಲು ಹಕ್ಕಿಗಳು ಒಂದೊಂದಾಗಿ ಅಲ್ಲಿಗೆ ಬರುತ್ತಿದ್ದವು. ಅವುಗಳ ನಡುವೆ ಕಪ್ಪು ಕಾಲಿನ ಒಂದು ಪುಟ್ಟ ಉಲ್ಲಂಕಿ...

ಒಬ್ಬಳೇ ನೋಡಿದರೆ ಮತ್ತೆ ಅದೇ ಕಥೆ. ಸೊಕ್ಕನ್ನು ನುಂಗಿಕೊಂಡು ಫೋನ್ ಮಾಡಿದಳು.

"ಬನ್ನಿ. ಬಗ್ಗಿಕೊಂಡೇ ಬನ್ನಿ. ತಲೆ ಎತ್ತಿದ್ರೆ ನೋಡಿ!"

ಅವನು ದಂಡೆ ಸುತ್ತಿ, ಕೊನೆಯ ಇನ್ನೂರು ಹೆಜ್ಜೆ ಮಂಡಿಯೂರಿ ತೆವಳಿದ. ಮೂಗಿನ ತುದಿಗೂ ಕೆಸರು ಮೆತ್ತಿತ್ತು. ಅವಳು ನಗು ತಡೆದುಕೊಂಡು ದೂರದರ್ಶಕ ಬಿಟ್ಟುಕೊಟ್ಟಳು.

ಹಕ್ಕಿ ನೀರಿಗಿಳಿಯಿತು. ಮುಳುಗೆದ್ದು ರೆಕ್ಕೆ ಕೊಡವಿತು. ದಡಕ್ಕೆ ಬಂದಾಗ ಅದರ ಕಾಲು... ಹಳದಿ!

"ನೋಡಿದ್ರಾ?" ಅವಳ ಕಣ್ಣು ತುಂಬಿತು. "ನನ್ನ ಮಾತು ನಂಬೋಕೆ ನಿಮಗೆ ಹಕ್ಕಿನೇ ಬಂದು ಸಾಕ್ಷಿ ಹೇಳ್ಬೇಕಾಯ್ತು, ಅಲ್ವಾ?"

ಅವನು ತನ್ನ ಫೋನು ಕೊಟ್ಟ. ಅಂಗಡಿಯಿಂದ ಓಡಿಹೋದ ದಿನ ಗುಂಪಿಗೆ ಬರೆದದ್ದು: 'ಹಳದಿ ಕಾಲು ಅವರ ದಾಖಲೆ ಸರಿ. ಅವರು ಬರೆದ ಚಿತ್ರದಲ್ಲಿ ಉದ್ದ ಬೆರಳುಗಳು ಸ್ಪಷ್ಟವಾಗಿವೆ. ನಾನು ಫೋಟೋದ ಕಾಲಿನ ಬಣ್ಣ ನೋಡಿದೆ, ಚಿತ್ರದ ಬೆರಳು ನೋಡಲಿಲ್ಲ. ತಪ್ಪು ನನ್ನದು. ನಕ್ಕವರು ಅವರಲ್ಲಿ ಕ್ಷಮೆ ಕೇಳಲಿ.'

"ಹೇಳೋಣ ಅಂತ ಎಷ್ಟು ಸಲ ಫೋನ್ ಮಾಡ್ದೆ..."

ಅವಳು ಅದನ್ನು ಎರಡು ಸಲ ಓದಿದಳು. ಹಕ್ಕಿ ಸಾಕ್ಷಿ ಹೇಳುವ ಮೊದಲೇ ಅವನು ನಂಬಿದ್ದ!

"ಆವತ್ತು 'ಆಮೇಲೆ' ಅಂತ ನಿಲ್ಲಿಸಿದ್ರಲ್ಲ. ಆಮೇಲೆ ಏನು?"

"ಆಮೇಲೆ ನಿಮಗೋಸ್ಕರ ಬಂದೆ. ನೀವು ಅಂದ್ರೆ ನನಗೆ ಇಷ್ಟ. ತುಂಬಾ..."

"ಒಂದು ಷರತ್ತು," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಪ್ರೀತಿ ಅಂತ ನನ್ನ ಒಂದು ದಾಖಲೇನೂ ಸುಮ್ನೆ ಒಪ್ಕೋಬಾರ್ದು."

"ಅನುಮಾನ ಬಂದ್ರೆ ತಿರಸ್ಕರಿಸ್ತೀನಿ."

"ಆಗ ನಾನು ಜಗಳಕ್ಕೆ ನಿಲ್ತೀನಿ."

"ಜೀವನಪೂರ್ತಿ?"

"ಮತ್ತೆ? ಅರ್ಧಕ್ಕೇ ಬಿಡೋಳ ಥರ ಕಾಣ್ತೀನಾ?"

ಅವನು ಖುಷಿಗೆ ಎದ್ದುನಿಲ್ಲಲು ಹೊರಟ. ಅವಳು ಕೆಸರಾದ ಅವನ ಕೈಯನ್ನು ಗಟ್ಟಿಯಾಗಿ ಹಿಡಿದು ಕೆಳಗೆಳೆದಳು.

"ಕೂತ್ಕೊಳ್ರೀ..." ಈ ಸಲ ಗದರಲಿಲ್ಲ. "ಹಕ್ಕಿ ಇನ್ನೂ ಇಲ್ಲೇ ಇದೆ."