ಬುಧವಾರ, ಭಾನುವಾರ ಬಾರದವನು

ಹತ್ತು ವರ್ಷಗಳ ಹಿಂದೆ ತೈಚುಂಗ್‌ನ ರಾತ್ರಿ ಸಂತೆಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ತಪ್ಪಿಸಿಕೊಂಡಿದ್ದಳು. ಸಿಕ್ಕಿದ ಮೇಲೆ ಅಪ್ಪ ಅವಳನ್ನು ಎತ್ತಿಕೊಂಡು ಮಾತು ಕೊಟ್ಟಿದ್ದ: "ಅಳಬೇಡ ಪುಟ್ಟಿ. ನೀನು ಎಲ್ಲೇ ಇದ್ರೂ ಅಪ್ಪ ಹುಡುಕ್ಕೊಂಡು ಬರ್ತೀನಿ."

ಈ ನವೆಂಬರ್ ಹದಿನಾಲ್ಕರ ಮಧ್ಯಾಹ್ನ, ತೈನಾನ್ ನಗರದ ಠಾಣೆಯೊಂದಕ್ಕೆ ಶ್ಯೂಚಿನ್ ಎಂಬ ಹೆಂಗಸು ಮಗಳೊಂದಿಗೆ ಬಂದು ಮೇಜಿನ ಮೇಲೆ ಒಂದು ಚೀಲ ಇಟ್ಟಳು. ಒಳಗೆ ಸಕ್ಕರೆ ಪಾಕದಲ್ಲಿ ಅದ್ದಿದ ಟೊಮೆಟೊ ಕಡ್ಡಿಗಳು. ಯಾವ ಕಡ್ಡಿಯಲ್ಲೂ ತುದಿಯ ಹಣ್ಣಿರಲಿಲ್ಲ.

"ಕೆಲಸ ಮುಗಿಸಿ ಬಂದ್ರೆ ಬಾಗಿಲ ಹಿಡಿಗೆ ನೇತಾಡ್ತಿರುತ್ತೆ ಮೇಡಂ. ಹುಳಿ ಇದ್ಯಾ ಅಂತ ಮೊದಲನೇದನ್ನ ತಾನೇ ತಿಂದು ನೋಡಿ ಮಗಳಿಗೆ ಕೊಡೋನು. ನನ್ನ ಗಂಡ. ಅಂದ್ರೆ, ಆಗಿನ ಗಂಡ."

ಇನ್‌ಸ್ಪೆಕ್ಟರ್ ಪೈಲಿಂಗ್ ದೂರು ಬರೆದುಕೊಂಡಳು. ಹೆಸರು ತಿಂಗ್ಹಾ. ಹೆಂಡತಿಯ ತೋಳನ್ನು ಎರಡು ಸಲ ಮುರಿದವನು. ತಾಯಿ-ಮಗಳ ಹತ್ತಿರ ಸುಳಿಯಬಾರದೆಂದು ನ್ಯಾಯಾಲಯದ ಆದೇಶವಿತ್ತು. ಇದು ಅವರಿಬ್ಬರೂ ಬದಲಿಸಿದ ಮೂರನೆಯ ಮನೆ. ವಿಳಾಸವನ್ನು ನೆಂಟರಿಗೂ ಕೊಟ್ಟಿರಲಿಲ್ಲ.

"ಅವನಿಗೆ ಯಾರು ಹೇಳಿರಬಹುದು?"

ಶ್ಯೂಚಿನ್ ಮಗಳ ಕಡೆ ತಿರುಗಿದಳು.

"ನಾನಲ್ಲ ಅಮ್ಮ. ಎಷ್ಟು ಸಲ ಹೇಳ್ಲಿ?" ಎಂದಳು ಯೂಟುಂಗ್.

"ಹಾಗಾದ್ರೆ ಗೋಡೆ ಹೇಳ್ತಾ?"

ಯೂಟುಂಗ್ ಸಂಜೆ ಹೊತ್ತು ಜೇಡಿಮಣ್ಣಿನಲ್ಲಿ ಉಗುರಿನಷ್ಟು ಪುಟ್ಟ ತಿಂಡಿಗಳನ್ನು ಮಾಡುತ್ತಾ ಫೋನಿನಲ್ಲಿ ನೇರಪ್ರಸಾರ ಮಾಡುತ್ತಿದ್ದಳು. ಕಾನ್‌ಸ್ಟೇಬಲ್ ಖೋ ಫೋನನ್ನು ತಿರುವಿ ತಿರುವಿ ನೋಡಿದ. ಲೊಕೇಶನ್ ಬಂದ್. ಹೆಸರಿಲ್ಲ, ಮುಖವಿಲ್ಲ, ಕಿಟಕಿಯೂ ಕಾಣುವುದಿಲ್ಲ. ಬರೀ ಎರಡು ಕೈಗಳು.

"ಪೋರಿ ನಮಗಿಂತ ಹುಷಾರು ಮೇಡಂ. ನನ್ನ ಫೋನೇ ಇಷ್ಟು ಭದ್ರ ಇಲ್ಲ."

ಕಡ್ಡಿ ಸಿಕ್ಕಿದ ದಿನಗಳನ್ನು ಖೋ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ. ಬುಧವಾರ, ಭಾನುವಾರ ಖಾಲಿ.

"ವಾರಕ್ಕೆರಡು ರಜಾ. ಯಾವ ಕೆಲಸದಲ್ಲಪ್ಪಾ ಇವ್ನು?"

"ನಮ್ಮ ಇಲಾಖೆಯಲ್ಲಂತೂ ಅಲ್ಲ" ಎನ್ನುತ್ತಾ ಪೈಲಿಂಗ್ ಹಳೆಯ ಪ್ರಸಾರವೊಂದನ್ನು ಹಾಕಿ ನೋಡತೊಡಗಿದಳು. ಕೈಗಳು ಮಣ್ಣನ್ನು ತೀಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಖೋ ಎದ್ದು, ಮೂಲೆಯಲ್ಲಿದ್ದ ಕಸದ ಚೀಲಕ್ಕೆ ಗಂಟು ಹಾಕಿ ಬಾಗಿಲ ಕಡೆ ನಡೆದ.

"ಎಲ್ಲಿಗ್ರೀ?"

"ಕಸದ ಗಾಡಿ ಬಂತಲ್ಲ ಮೇಡಂ."

ಹೊಸ್ತಿಲಲ್ಲೇ ನಿಂತುಬಿಟ್ಟ. ಹೊರಗೆ ಮಧ್ಯಾಹ್ನದ ಬಿಸಿಲು, ಬೀದಿ ಖಾಲಿ. ಜನರನ್ನು ಕರೆಯಲು ಕಸದ ಗಾಡಿ ನುಡಿಸುವ ಪಿಯಾನೊ ರಾಗ ಕೇಳಿಸುತ್ತಿದ್ದುದು ಫೋನಿನಿಂದ.

ರಾಗ ಹತ್ತಿರ ಬಂತು, ಒಂದು ಕಡೆ ನಿಂತಿತು, ಮತ್ತೆ ದೂರವಾಯಿತು.

"ಅದು ದಿನಾ ಬರುತ್ತಲ್ಲ" ಎಂದಳು ಯೂಟುಂಗ್ ಸಣ್ಣ ದನಿಯಲ್ಲಿ. "ನನಗೆ ಕೇಳಿಸ್ಲೇ ಇಲ್ಲ."

ಗಾಡಿ ಯಾವ ಮೂಲೆಗೆ ಎಷ್ಟು ಹೊತ್ತಿಗೆ ಬರುತ್ತದೆಂದು ನಗರಾಡಳಿತವೇ ಪ್ರಕಟಿಸುತ್ತದೆ. ಬುಧವಾರ, ಭಾನುವಾರ ಗಾಡಿ ಇಲ್ಲ. ಶ್ಯೂಚಿನ್ ಮಗಳ ಕೈ ಹಿಡಿದುಕೊಂಡಳು.

ಅಂದು ಶುಕ್ರವಾರ. ಸಂಜೆ ಏಳೂವರೆಗೆ ಪೈಲಿಂಗ್ ಹವಾಯಿ ಚಪ್ಪಲಿ ಮೆಟ್ಟಿ, ಕಸದ ಚೀಲ ಹಿಡಿದು, ತಾಯಿ-ಮಗಳ ಓಣಿಯ ಮೂಲೆಯಲ್ಲಿ ನೆರೆಹೊರೆಯವರ ನಡುವೆ ನಿಂತಳು. ಖೋ ಅವರ ಮನೆಯಿದ್ದ ಮೂರನೇ ಮಹಡಿಯಿಂದ ಮೇಲೇರುವ ಮೆಟ್ಟಿಲಲ್ಲಿ ಅಡಗಿದ್ದ. ಶ್ಯೂಚಿನ್ ಮತ್ತು ಯೂಟುಂಗ್ ಮನೆಯೊಳಗಿದ್ದರು.

"ಹೊಸಬಳೇನಮ್ಮಾ? ಹಸಿ ಕಸ ಬೇರೆ ಮಾಡಿಲ್ವಲ್ಲ, ಬೈಸ್ಕೋತೀಯ" ಎಂದು ಅಜ್ಜಿಯೊಬ್ಬಳು ಗದರಿದಳು. ತನ್ನ ಚೀಲವನ್ನೂ ಹಿಡಿದುಕೊಂಡಿದ್ದ ತೆಳ್ಳಗಿನ ಗಂಡಸನ್ನು ತೋರಿಸಿ, "ಇವರನ್ನ ನೋಡಿ ಕಲಿ. ನನ್ನದನ್ನೂ ಎತ್ತಿ ಹಾಕ್ತಾರೆ, ಪಾಪ" ಎಂದಳು.

"ಯಾವ ಮನೆಯವ್ರು ಅಜ್ಜಿ?"

"ಇಲ್ಲೇ ಎಲ್ಲೋ. ದಿನಾ ಬರ್ತಾರಲ್ಲ."

ಹಳದಿ ಗಾಡಿ ಬಂದು ನಿಂತಿತು. ಎಲ್ಲರ ಚೀಲಗಳೂ ಒಳಗೆ ಹಾರಿದವು. ಅವನು ಅಜ್ಜಿಯದನ್ನು ಎಸೆದ, ತನ್ನದನ್ನು ಎಸೆಯಲಿಲ್ಲ. ಕಸ ಹಾಕಲು ಇಳಿದವರು ಮುಚ್ಚಿಕೊಳ್ಳದಂತೆ ಇಟ್ಟಿಗೆ ಇಟ್ಟಿದ್ದ ಕಟ್ಟಡದ ಬಾಗಿಲನ್ನು ದಾಟಿ ಒಳಗೆ ಹೋದ. ಪೈಲಿಂಗ್ ಸದ್ದಿಲ್ಲದೆ ಹಿಂಬಾಲಿಸಿದಳು. ಮೂರನೇ ಮಹಡಿಯಲ್ಲಿ ಅವನು ಬಾಗಿಲಿಗೆ ಕಡ್ಡಿ ಸಿಕ್ಕಿಸಿ, ಹಲಗೆಗೆ ಕಿವಿಯಿಟ್ಟು ನಿಂತಿದ್ದ.

"ತಿಂಗ್ಹಾ!" ಎಂದು ಪೈಲಿಂಗ್ ಕೂಗಿದಳು.

ಅವನು ಬೆಚ್ಚಲಿಲ್ಲ. ತುಟಿಯ ಮೇಲೆ ಬೆರಳಿಟ್ಟ.

"ಮೆತ್ತಗೆ ಮಾತಾಡಿ. ಒಳಗೆ ಮಗು ಇದೆ."

ಸಂಜೆ 7:51ಕ್ಕೆ ಬಂಧನ. ಪಂಚನಾಮೆಯಲ್ಲಿ ಚೀಲದೊಳಗಿನ ವಸ್ತು ಹಳೆಯ ಪತ್ರಿಕೆಗಳು ಎಂದು ದಾಖಲಾಯಿತು.

ವಿಚಾರಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಹೆಂಡತಿ ಹುಟ್ಟಿದೂರು ತೈನಾನ್ ಬಿಟ್ಟಿರಲಾರಳು ಎಂದು ಗೊತ್ತಿತ್ತು. ಪ್ರಸಾರದಲ್ಲಿ ರಾಗ ನಿಲ್ಲುವ ಹೊತ್ತಿಗೆ ಊರಿನ ಯಾವ ಯಾವ ಮೂಲೆಯಲ್ಲಿ ಗಾಡಿ ಇರುತ್ತದೆಂದು ಹುಡುಕಿದ್ದ. ಕೆಲಸ ಬಿಟ್ಟು ಬಂದು, ಹೆಂಡತಿ ಮನೆಗೆ ಮರಳುವುದು ಕಣ್ಣಿಗೆ ಬೀಳುವವರೆಗೂ ಒಂದೊಂದು ಸಂಜೆ ಒಂದೊಂದು ಮೂಲೆಯಲ್ಲಿ ನಿಂತಿದ್ದ.

"ಅಷ್ಟೊಂದು ಜನ ಇಂಥ ವಿಡಿಯೊ ಹಾಕ್ತಾರೆ. ಅವು ನಿನ್ನ ಮಗಳ ಕೈಗಳೇ ಅಂತ ಹೇಗೆ ಗೊತ್ತಾಯ್ತು?" ಖೋ ಕೇಳಿದ.

"ಎಡಗೈ ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ ಇದೆ. ಅದು ನನಗೆ ಗೊತ್ತಿಲ್ದೆ ಇರುತ್ತಾ?"

"ಯಾರು ಸುಟ್ಟಿದ್ದು?"

ಅವನು ಗೋಡೆ ನೋಡಿದ. "ಹೊಡೆಯೋಕೆ ಬಂದಿರಲಿಲ್ಲ ಸಾರ್" ಎಂದ. "ಚಿಕ್ಕವಳಿದ್ದಾಗ ಒಂದು ಮಾತು ಕೊಟ್ಟಿದ್ದೆ. ಅದನ್ನ ಅವಳು ಮರೆತ್ಲೇನೋ. ನಾನು ಮರೀಲಿಲ್ಲ."

ತಿಂಗಳೊಪ್ಪತ್ತಿನಲ್ಲಿ ತಾಯಿ-ಮಗಳು ನಾಲ್ಕನೆಯ ಮನೆಗೆ ಹೋದರು. ಎಲ್ಲಿಗೆಂದು ಪೈಲಿಂಗ್ ಕೇಳಲಿಲ್ಲ.

ಅಪ್ಪ ಮಗಳಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದ.